ಎಳೆಯ ರಕ್ತಕಣಗಳನ್ನು ಬಲಿಸಿದ ಚರಿತ್ರೆ

ಅಸ್ಥಿಮಜ್ಜೆಯಲ್ಲಿ ಹುಟ್ಟುವ ಬಿಳಿಯ ರಕ್ತಕಣವು ಎಳೆತನವನ್ನು ಕಳೆದು, ಬಲಿತು, ತನ್ನ ಕೆಲಸವನ್ನು ಮುಗಿಸಿ ಅಳಿಯತಕ್ಕುದು. ರಕ್ತದ ಕ್ಯಾನ್ಸರಿನಲ್ಲಾದರೋ ಈ ಕಣಗಳು ಬಲಿಯದೆಯೇ ಸಂಖ್ಯೆಯಲ್ಲಿ ಹೆಚ್ಚಿ ಮಜ್ಜೆಯನ್ನು ತುಂಬಿಬಿಡುತ್ತವೆ. ಇವುಗಳನ್ನು ಕೊಲ್ಲುವುದೊಂದೇ ದಾರಿಯೆಂದು ವೈದ್ಯರು ಬಹುಕಾಲ ನಂಬಿದ್ದರು. ಕೊಲ್ಲುವ ಔಷಧವು ಒಳ್ಳೆಯ ಕಣಗಳನ್ನೂ ಬಿಡದೆಂಬುದನ್ನು ಆ ಚಿಕಿತ್ಸೆಯನ್ನು ಮನೆಯವರಲ್ಲಿ ಕಂಡವರಿಗೆ ಹೇಳಬೇಕಾಗಿಲ್ಲ.

ಕೊಲ್ಲುವ ಬದಲು ಬಲಿಯುವಂತೆ ಮಾಡಬಾರದೇಕೆ? 1970ರ ದಶಕದಲ್ಲಿ ಇಸ್ರೇಲಿನ ಲಿಯೋ ಸ್ಯಾಕ್ಸ್ ಇಲಿಗಳ ರೋಗಕಣಗಳು ಪಕ್ವವಾಗಬಲ್ಲವೆಂದು ತೋರಿಸಿದರು. 1980ರಲ್ಲಿ ಅಮೆರಿಕದ ಬ್ರೈಟ್‌ಮನ್ನರೂ ಸಂಗಡಿಗರೂ 'ಎ' ಜೀವಸತ್ವದ ಸಂಬಂಧಿಯಾದ ರೆಟಿನೋಯಿಕ್ ಆಮ್ಲವನ್ನು ಬೆರೆಸಿ, ಮಾನವನ ರೋಗಕಣಗಳನ್ನು ಗಾಜಿನ ಪಾತ್ರೆಯಲ್ಲಿ ಬಲಿಸಿದರು.

ಪಾತ್ರೆಯಿಂದ ರೋಗಿಯವರೆಗಿನ ಹಾದಿಯನ್ನು ನಡೆದವರು ಶಾಂಘೈ ನಗರದ ರುಯಿಜಿನ್ ಆಸ್ಪತ್ರೆಯ ವಾಂಗ್ ಝೆನ್‌ಯಿ. ದಂಡಿಸುವುದಕ್ಕಿಂತ ತಿದ್ದುವುದು ಲೇಸೆಂಬ ಕನ್ಫ್ಯೂಷಿಯಸನ ವಿಚಾರವು ಅವರಿಗೆ ಪ್ರಿಯವಾಗಿತ್ತು. ಅವರು ಆರಿಸಿಕೊಂಡದ್ದು, ನಾರ್ವೆಯ ಹಿಲ್ಲೆಸ್ಟಾಡ್ 1957ರಲ್ಲಿ ವಿವರಿಸಿದ್ದ, ರಕ್ತಸ್ರಾವದಿಂದ ಕೆಲವೇ ವಾರಗಳಲ್ಲಿ ಕೊಲ್ಲುತ್ತಿದ್ದ ಪ್ರೋಮೈಲೋಸೈಟಿಕ್ ಎಂಬ ಬಗೆಯನ್ನು. 1985ರಲ್ಲಿ ಐದು ವರ್ಷದ ಬಾಲೆಯೊಬ್ಬಳಿಗೆ, ಬೇರೆಲ್ಲ ಮದ್ದುಗಳೂ ಸೋತ ಮೇಲೆ, ಈ ಆಮ್ಲವನ್ನು ಬಾಯಿಯ ಮೂಲಕ ಕೊಟ್ಟರು. ಮಗು ಚೇತರಿಸಿಕೊಂಡಿತು. 1988ರಲ್ಲಿ ಪ್ರಕಟವಾದ ವರದಿಯಲ್ಲಿ 24 ಮಂದಿ ರೋಗಿಗಳಿದ್ದರು. 23 ಮಂದಿಗೆ ಆಮ್ಲವೊಂದರಿಂದಲೇ ರೋಗವು ಹಿಮ್ಮೆಟ್ಟಿತು.

ಕಾರಣವು ತಿಳಿದದ್ದು ಆಮೇಲೆ. ಈ ರೋಗದಲ್ಲಿ 15 ಮತ್ತು 17ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುವುದನ್ನು ಜಾನೆಟ್ ರೌಲಿ 1977ರಲ್ಲಿಯೇ ಕಂಡಿದ್ದರು. ಹಾಗೆ ಮುರಿದು ವಿಕಾರವಾದದ್ದು 'ಎ' ಜೀವಸತ್ವದ ಆಮ್ಲವನ್ನು ಬರಮಾಡಿಕೊಳ್ಳುವ ಬಾಗಿಲೇ ಎಂದು 1990ರ ಸುಮಾರಿಗೆ ಗೊತ್ತಾಯಿತು. ಆದುದರಿಂದಲೇ ಉಳಿದ ಬಗೆಯ ರಕ್ತದ ಕ್ಯಾನ್ಸರುಗಳಿಗೆ ಈ ಮದ್ದು ಇಷ್ಟು ಒಗ್ಗದು. ಹಾಗೆಂದು ಮನೆಯಲ್ಲಿ ಜೀವಸತ್ವದ ಗುಳಿಗೆಗಳನ್ನು ನುಂಗುವುದು ಚಿಕಿತ್ಸೆಯಲ್ಲ, ಅಪಾಯವೇ ಸರಿ.

ಆಮ್ಲವೊಂದನ್ನೇ ನೆಚ್ಚಿದರೆ ರೋಗವು ತಿಂಗಳುಗಳಲ್ಲಿ ಮರಳುತ್ತಿತ್ತು. ಇಲ್ಲಿ ಕೈಹಿಡಿದದ್ದು ಪಾಷಾಣ! 1970ರ ದಶಕದಲ್ಲಿ ಹಾರ್ಬಿನ್ ನಗರದ ಝಾಂಗ್ ಟಿಂಗ್‌ಡಾಂಗರ ತಂಡದವರು ಹಳ್ಳಿಯ ಮದ್ದೊಂದನ್ನು ಶೋಧಿಸಿ, ಅದರ ಗುಣವೆಲ್ಲ ಪಾಷಾಣದ್ದೆಂದು ಕಂಡುಕೊಂಡಿದ್ದರು. ಆ ವಿಕಾರವಾದ ಪ್ರೋಟೀನನ್ನು ಅದು ನಾಶಗೊಳಿಸುತ್ತದೆ. 2013ರಲ್ಲಿ ಇಟಲಿ ಮತ್ತು ಜರ್ಮನಿಯ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ, ಆಮ್ಲ ಮತ್ತು ಪಾಷಾಣಗಳ ಜೋಡಿಯನ್ನು ಪಡೆದ ರೋಗಿಗಳಲ್ಲಿ ಶೇಕಡಾ 97 ಮಂದಿ ಎರಡು ವರ್ಷ ನಿರ್ವಿಘ್ನವಾಗಿ ಕಳೆದರು.

ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು ಪಾಷಾಣವೊಂದನ್ನೇ 72 ಮಂದಿಗೆ ಕೊಟ್ಟು, ಸುಮಾರು ಶೇಕಡಾ 86 ಮಂದಿಯಲ್ಲಿ ರೋಗವು ಹಿಮ್ಮೆಟ್ಟಿದುದನ್ನು 2006ರಲ್ಲಿ ಪ್ರಕಟಿಸಿದರು. ದುಬಾರಿ ಚಿಕಿತ್ಸೆಯ ವೆಚ್ಚವನ್ನು ಭರಿಸಲಾರದ ಕುಟುಂಬಗಳಿಗೆ ಆ ಕೆಲಸದಿಂದ ಇನ್ನೊಂದು ದಾರಿ ತೆರೆಯಿತು.