ದೊಡ್ಡ ಸ್ವಾಮಿಯವರು ಮತ್ತು ಸಿಡುಬಿನ ದಾಕು

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಅರವತ್ತು ದಾಟಿದ ಹಿರಿಯರ ತೋಳುಗಳನ್ನು ಗಮನಿಸಿದರೆ ಕಾಸಿನಗಲದ ಒಂದೆರಡು ಗುಂಡನೆಯ ಗುರುತುಗಳು ಕಾಣಸಿಗುತ್ತವೆ. ಏನದು ಎಂದು ಕೇಳಿದರೆ "ಚಿಕ್ಕಂದಿನಲ್ಲಿ ದಾಕು ಹಾಕಿಸಿದ್ದು" ಎನ್ನುತ್ತಾರೆ. ಸಿಡುಬಿನ ದಾಕು ನಿಂತುಹೋದ ಮೇಲೆ ಹುಟ್ಟಿದವರ ತೋಳಿನಲ್ಲಿ ಇರುವುದು ಬೇರೆ ಗುರುತು, ಕ್ಷಯರೋಗದ ವಿರುದ್ಧ ಹಾಕುವ ಬಿ.ಸಿ.ಜಿ. ಚುಚ್ಚುಮದ್ದಿನದು. ಒಂದು ಪೀಳಿಗೆಯ ಮೈಮೇಲೆ ಉಳಿದು ಮುಂದಿನ ಪೀಳಿಗೆಗೆ ಬೇಡವಾದ ಈ ಹಳೆಯ ಗುರುತಿಗೆ ನಮ್ಮ ಸೀಮೆಯಲ್ಲಿ ಇನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆಯ ಮೊದಲ ಪುಟಗಳಲ್ಲಿ ಹಾಸನ ಸೀಮೆಯೊಡನೆ ನಿಕಟ ಸಂಬಂಧವಿದ್ದ ಒಬ್ಬ ಫ್ರೆಂಚ್ ಗುರುವಿನ ಹೆಸರಿದೆ.

ಅವರು ಅಬ್ಬೆ ಜೆ. ಎ. ದುಬುವಾ. ಇಂಗ್ಲಿಷ್ ಓದಿನ ರೂಢಿಯಲ್ಲಿ ಅಬ್ಬೆ ದುಬಾಯ್ ಎಂದೂ ಕರೆಯುವುದುಂಟು. ಮೈಸೂರು ಸೀಮೆಯ ಜನರು ಈ ಎರಡು ಉಚ್ಚಾರಣೆಗಳ ಗೊಡವೆಗೇ ಹೋಗದೆ ಅವರನ್ನು "ದೊಡ್ಡ ಸ್ವಾಮಿಯವರು" ಎಂದರು.

ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯಲ್ಲಿ ಹುಟ್ಟಿದ ದುಬುವಾ, ಫ್ರೆಂಚ್ ಕ್ರಾಂತಿಯ ಬಿರುಸಿನ ವರ್ಷವಾದ 1792ರಲ್ಲಿ ಪ್ಯಾರಿಸಿನ ವಿದೇಶೀ ಮಿಷನ್ ಸಂಸ್ಥೆಯ ಗುರುವಾಗಿ ಸ್ವದೇಶವನ್ನು ಬಿಟ್ಟರು. ಪುದುಚೇರಿಯಲ್ಲಿ ಇಳಿದು ಕೆಲವು ಕಾಲ ತಮಿಳು ಸೀಮೆಯಲ್ಲಿ ಸೇವೆ ಸಲ್ಲಿಸಿದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಕರ್ನಲ್ ವೆಲ್ಲೆಸ್ಲಿಯವರ ಶಿಫಾರಸಿನಂತೆ, ಯುದ್ಧಗಳ ನಡುವೆ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಗ್ಗೂಡಿಸಲು ಮೈಸೂರು ಸಂಸ್ಥಾನಕ್ಕೆ ಬಂದರು. ಇಲ್ಲಿಯ ಉಡುಪನ್ನು ತೊಟ್ಟರು, ಪೇಟ ಸುತ್ತಿದರು, ಮಾಂಸಾಹಾರವನ್ನು ತೊರೆದರು, ಇಲ್ಲಿಯ ಭಾಷೆಗಳನ್ನಾಡಿದರು. 1823ರವರೆಗೆ, ಅಂದರೆ ಸುಮಾರು ಮೂರು ದಶಕಗಳ ಕಾಲ, ಒಮ್ಮೆಯೂ ಯುರೋಪಿಗೆ ಮರಳದೆ ಈ ನೆಲದಲ್ಲೇ ಉಳಿದರು.

ಅವರು ಕಂಡ ಸಂಸ್ಥಾನ ಯುದ್ಧದಿಂದ ಬಳಲಿದ್ದಷ್ಟೇ ಅಲ್ಲ, ಸಿಡುಬಿನಿಂದಲೂ ನಲುಗಿತ್ತು. ದಾಕಿಲ್ಲದ ಮೈಗೆ ದೊಡ್ಡ ಸಿಡುಬು ಬಡಿದರೆ ನೂರಕ್ಕೆ ಸುಮಾರು ಮೂವತ್ತು ಮಂದಿ ಸಾಯುತ್ತಿದ್ದರು. ಬದುಕುಳಿದವರಲ್ಲಿ ಅನೇಕರ ಮುಖ ಕಲೆಗಟ್ಟುತ್ತಿತ್ತು, ಕೆಲವರ ಕಣ್ಣು ಹೋಗುತ್ತಿತ್ತು. ಅರಮನೆಗೂ ವಿನಾಯಿತಿ ಇರಲಿಲ್ಲ: ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು 1796ರಲ್ಲಿ ತೀರಿಕೊಂಡದ್ದು ಸಿಡುಬಿನಿಂದಲೇ. ಹಳ್ಳಿಗಳಲ್ಲಿ ಇದನ್ನು ರೋಗವೆಂದು ಕರೆಯಲು ನಾಲಿಗೆ ಹಿಂಜರಿಯುತ್ತಿತ್ತು. "ಅಮ್ಮ ಬಂದಿದ್ದಾಳೆ" ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಮನೆಯಲ್ಲಿ ಒಗ್ಗರಣೆ ಹಾಕುವುದನ್ನು ನಿಲ್ಲಿಸಿ, ಹೊರಗಿನವರು ಬಾರದಂತೆ ನೋಡಿಕೊಳ್ಳುತ್ತಿದ್ದರು. ಈ ಆಚರಣೆಗಳನ್ನು ಹಳಿಯುವುದು ಸುಲಭ. ಆದರೆ ರೋಗಿಯನ್ನು ಒಂಟಿಯಾಗಿಡುವ, ತಂಪಾಗಿಡುವ, ಹೆದರಿದ ಮನೆಯವರಿಗೆ ಮಾಡಲು ಒಂದು ಕೆಲಸ ಕೊಡುವ ವಿವೇಕವೂ ಅವುಗಳಲ್ಲಿತ್ತು ಎಂಬುದನ್ನು ಮರೆಯಲಾಗದು. ಇಲ್ಲದಿದ್ದುದು ರೋಗವನ್ನು ಬಾರದಂತೆಯೇ ತಡೆಯುವ ಉಪಾಯ.

ಆ ಉಪಾಯ ಇಂಗ್ಲೆಂಡಿನ ಒಂದು ಹಳ್ಳಿಗಾಡಿನಲ್ಲಿ ಸಿಕ್ಕಿತು. ಹಾಲು ಕರೆಯುವ ಹೆಂಗಸರಿಗೆ ಹಸುವಿನ ಕೆಚ್ಚಲಿನಿಂದ ಅಂಟುವ ಗೋಸಿಡುಬು ಬಲು ಸೌಮ್ಯವಾದದ್ದು. ಅದು ಬಂದವರಿಗೆ ದೊಡ್ಡ ಸಿಡುಬು ಬಾರದು ಎಂಬ ಹಳ್ಳಿಗರ ಮಾತನ್ನು ವೈದ್ಯ ಎಡ್ವರ್ಡ್ ಜೆನ್ನರ್ 1796ರ ಮೇ 14ರಂದು ಒಬ್ಬ ಬಾಲಕನ ಮೇಲೆ ಪರೀಕ್ಷಿಸಿ, 1798ರಲ್ಲಿ ಪ್ರಕಟಿಸಿದರು. ಆದರೆ ಆ ದ್ರವವನ್ನು ಭಾರತಕ್ಕೆ ತರುವುದು ಹೇಗೆ? ಹಡಗಿಗೆ ಆಫ್ರಿಕಾ ಖಂಡವನ್ನು ಸುತ್ತಿ ಬರಲು ತಿಂಗಳುಗಳು ಬೇಕು. ನೂಲಿಗೆ ಹಚ್ಚಿ ಒಣಗಿಸಿ ಕಳುಹಿಸಿದ ದ್ರವ ದಾರಿಯ ಬಿಸಿಲಿನಲ್ಲಿ ಸತ್ವ ಕಳೆದುಕೊಳ್ಳುತ್ತಿತ್ತು. ಕೊನೆಗೆ ಅದು ವಿಯೆನ್ನಾದಿಂದ ಬಾಗ್ದಾದ್, ಬಸ್ರಾಗಳ ದಾರಿಯಾಗಿ ಮುಂಬಯಿಗೆ ಬಂದು ಮುಟ್ಟಿತು. 1802ರ ಜೂನ್ 14ರಂದು ಅಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ ದಾಕು ಕಚ್ಚಿತು. ಭಾರತದಲ್ಲಿ ದಾಕು ಪಡೆದ ಮೊದಲ ವ್ಯಕ್ತಿ ಆ ಮಗು. ಆಕೆಯ ತೋಳಿನ ಗುಳ್ಳೆಯಿಂದ ಇನ್ನಷ್ಟು ಮಕ್ಕಳಿಗೆ, ಆ ಮಕ್ಕಳಿಂದ ಬೇರೆ ಊರುಗಳಿಗೆ ದಾಕು ಸಾಗಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂದು ಲಸಿಕೆ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಮಂಜುಗಡ್ಡೆಯ ಡಬ್ಬಿ ಹಾಗೂ ಗಾಜಿನ ಸೀಸೆ. 1803ರಲ್ಲಿ ಇವೆರಡೂ ಇರಲಿಲ್ಲ. ದಾಕನ್ನು ಜೀವಂತವಾಗಿಡುತ್ತಿದ್ದ ಪಾತ್ರೆ ಮನುಷ್ಯನ ಮೈಯೇ. ಒಂದು ಮಗುವಿನ ತೋಳನ್ನು ಮೊನೆಯಾದ ಕತ್ತಿಯಿಂದ ಲಘುವಾಗಿ ಗೀರಿ ದ್ರವವನ್ನು ಹಚ್ಚಿದರೆ ಕೆಲವು ದಿನಗಳಲ್ಲಿ ಅಲ್ಲಿ ಗುಳ್ಳೆಯೇಳುತ್ತಿತ್ತು. ಎಂಟನೆಯ ದಿನದ ಹೊತ್ತಿಗೆ ಅದು ತಿಳಿಯಾದ ದ್ರವದಿಂದ ತುಂಬಿಕೊಳ್ಳುತ್ತಿತ್ತು. ಅದೇ ಸಮಯಕ್ಕೆ ಗುಳ್ಳೆಯನ್ನು ಚುಚ್ಚಿ, ಆ ದ್ರವವನ್ನು ಮುಂದಿನ ಮಕ್ಕಳ ತೋಳಿಗೆ ಹಚ್ಚಬೇಕು. ತಡವಾದರೆ ದ್ರವ ಕೀವಾಗಿ ಕೆಡುತ್ತದೆ. ಎಂಟನೆಯ ದಿನ ಹೊಸ ಮಕ್ಕಳು ಸಿಗದೆ ಹೋದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಮತ್ತೆ ದೂರದ ಊರಿನಿಂದ ತೋಳಿನಿಂದ ತೋಳಿಗೆ ದಾಟಿಸಿಕೊಂಡೇ ಅದನ್ನು ತರಬೇಕು.

ಹೀಗಾಗಿ ದಾಕು ಹಾಕುವವನು ಹಳ್ಳಿಗೆ ಒಮ್ಮೆ ಬಂದುಹೋದರೆ ಸಾಲದು, ವಾರ ಕಳೆದು ಮತ್ತೆ ಬರಲೇಬೇಕು. ಗುಳ್ಳೆ ಸರಿಯಾಗಿ ಎದ್ದಿದೆಯೇ ಎಂದು ನೋಡಬೇಕು, ಎದ್ದವರ ಲೆಕ್ಕ ಬರೆಯಬೇಕು. ಮುಂದಿನ ಹಳ್ಳಿಯ ತಾಯಂದಿರು ಅಷ್ಟರಲ್ಲಿ ಮನಸ್ಸು ಮಾಡಿರಬೇಕು. ಎಲ್ಲಕ್ಕಿಂತ ಕಷ್ಟದ ಮಾತೆಂದರೆ, ತನ್ನ ಕೂಸಿನ ತೋಳಿನ ಗುಳ್ಳೆಯನ್ನು ಅಪರಿಚಿತನು ಚುಚ್ಚಿ ಬೇರೊಬ್ಬರ ಕೂಸಿಗೆ ಹಚ್ಚಲು ತಾಯಿ ಒಪ್ಪಬೇಕು. ಆ ಬೇರೊಬ್ಬರು ಯಾವ ಜಾತಿಯವರು? ಮುಟ್ಟಿಸಿಕೊಳ್ಳುವುದಕ್ಕೇ ಕಟ್ಟುಪಾಡಿದ್ದ ಊರಿನಲ್ಲಿ ಒಂದು ಕೇರಿಯ ಮಗುವಿನ ಮೈಯ ರಸ ಇನ್ನೊಂದು ಕೇರಿಯ ಮಗುವಿನ ಮೈಯೊಳಗೆ ಹೋಗಬೇಕಿತ್ತು. ಅಮ್ಮನ ಕೋಪದ ಭಯ ಒಂದು ಕಡೆ, ಮೈಲಿಗೆಯ ಭಯ ಇನ್ನೊಂದು ಕಡೆ. ಭಯ ಪೂರ್ತಿ ಆಧಾರವಿಲ್ಲದ್ದೂ ಆಗಿರಲಿಲ್ಲ, ಏಕೆಂದರೆ ತೋಳಿನಿಂದ ತೋಳಿಗೆ ಹಚ್ಚುವಾಗ ಬೇರೆ ರೋಗಗಳೂ ದಾಟುವ ಅಪಾಯ ನಿಜವಾಗಿಯೇ ಇತ್ತು.

ಇಂಥ ಸ್ಥಿತಿಯಲ್ಲಿ, 1803–04ರ ಕೆಲವೇ ತಿಂಗಳುಗಳಲ್ಲಿ, ದುಬುವಾ ಅವರ ಪ್ರಯತ್ನದ ಫಲವಾಗಿ ಮೈಸೂರು ಸಂಸ್ಥಾನದಲ್ಲಿ 25,432 ಮಂದಿಗೆ ದಾಕು ಹಾಕಿ ದಾಖಲಿಸಲಾಯಿತು. ಮುಂಬಯಿಯ ಆ ಮಗುವಿನ ತೋಳಿನಲ್ಲಿ ದಾಕು ಕಚ್ಚಿ ಆಗ ಎರಡು ವರ್ಷವೂ ತುಂಬಿರಲಿಲ್ಲ. ರಸ್ತೆಯಿಲ್ಲದ, ಗಾಡಿಯೂ ಹೋಗದ ಹಳ್ಳಿಗಳ ಆ ಕಾಲದಲ್ಲಿ ಈ ಸಂಖ್ಯೆಯ ಹಿಂದೆ ಎಷ್ಟು "ಎಂಟನೆಯ ದಿನ"ಗಳು ಇದ್ದವೆಂದು ಓದುಗರೇ ಊಹಿಸಿಕೊಳ್ಳಬಹುದು. ಕಂಪನಿಯ ವೈದ್ಯರಲ್ಲಿ ಕತ್ತಿಯೂ ದ್ರವವೂ ಇದ್ದವು. ಆದರೆ ಜಗಲಿಯ ಮೇಲೆ ಕುಳಿತು ಮನೆಯ ಹಿರಿಯರೊಡನೆ ಅವರದೇ ಮಾತಿನಲ್ಲಿ ಮಾತನಾಡುವ ಸಲುಗೆ, ವರ್ಷಗಳ ಒಡನಾಟದಿಂದ ಬರುವ ನಂಬಿಕೆ, ಪೇಟ ಸುತ್ತಿದ ಈ ಸ್ವಾಮಿಯವರಲ್ಲಿತ್ತು. ಗೆದ್ದದ್ದು ಮುಖ್ಯವಾಗಿ ಆ ಸಲುಗೆ ಎಂದು ನನಗೆ ತೋರುತ್ತದೆ.

ಅದೇ ಕಾಲದಲ್ಲಿ ಇತರರು ಬೇರೆ ದಾರಿಗಳನ್ನು ಹಿಡಿದರು. ಮದರಾಸಿನಲ್ಲಿ ಎಫ್. ಡಬ್ಲ್ಯೂ. ಎಲ್ಲಿಸ್ ಎಂಬ ಅಧಿಕಾರಿ, ಗೋವಿನಿಂದ ಬಂದ ಈ ದಾಕು ದೇವಿಯೇ ಅನುಗ್ರಹಿಸಿದ್ದು ಎಂದು ಜನರಿಗೆ ಮನಗಾಣಿಸಲು, ಧನ್ವಂತರಿ ಮತ್ತು ಶಕ್ತಿಯ ಸಂವಾದದ ರೂಪದಲ್ಲಿ ತಮಿಳಿನಲ್ಲಿ ಕಥೆಯೊಂದನ್ನೇ ರಚಿಸಿದರು. ಉದ್ದೇಶ ಒಳ್ಳೆಯದಿರಬಹುದು, ಆದರೆ ಹೊಸದನ್ನು ಹಳೆಯದೆಂದು ನಂಬಿಸುವ ಈ ಜಾಣತನ ಮನಸ್ಸಿಗೆ ಒಪ್ಪುವುದಿಲ್ಲ. ಮೈಸೂರಿನ ಅರಮನೆಯ ದಾರಿ ಇದಕ್ಕಿಂತ ನೇರವಾಗಿತ್ತು. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದ ಮೂವರು ರಾಜಸ್ತ್ರೀಯರ ತೈಲಚಿತ್ರದಲ್ಲಿ ಬಲಗಡೆಯ ಕಿರಿಯ ರಾಣಿ ಸೆರಗನ್ನು ಸರಿಸುತ್ತಿರುವುದು ತೋಳಿನಲ್ಲಿ ದಾಕು ಹಾಕಿಸಿಕೊಂಡ ಜಾಗವನ್ನು ತೋರಿಸಲೆಂದೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅರ್ಥೈಸಿದ್ದಾರೆ. ಗಂಡನನ್ನೋ ಮಗನನ್ನೋ ಸಿಡುಬಿಗೆ ಒಪ್ಪಿಸಿದ ಮನೆತನ ತನ್ನ ಹೊಸ ಸೊಸೆಯ ತೋಳನ್ನು ಪ್ರಜೆಗಳ ಮುಂದೆ ಸಾಕ್ಷಿಯಾಗಿ ಇಟ್ಟಿತೆಂದರೆ ಅದು ಸಣ್ಣ ಮಾತಲ್ಲ.

ಹಾಸನ ಸೀಮೆಯಲ್ಲಿ ದುಬುವಾ ಕೈಗೊಂಡ ಇನ್ನೊಂದು ಕಾರ್ಯವನ್ನೂ ಇದರ ಜೊತೆಗೆ ಇಟ್ಟು ನೋಡಬೇಕು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಅವರು ಬಡ ಕ್ರೈಸ್ತರಿಗಾಗಿ ಕೃಷಿ ನೆಲೆಯೊಂದನ್ನು ಸ್ಥಾಪಿಸಿದರು. ಯುದ್ಧದಿಂದ ನೆಲೆ ತಪ್ಪಿದವರಿಗೆ ಉಳಲು ಹೊಲ, ಉಣ್ಣಲು ರಾಗಿ, ಸೇರಿ ದುಡಿಯುವ ವ್ಯವಸ್ಥೆ. ಹಸಿದ ಮೈಗೆ ಯಾವ ಮದ್ದೂ ನಿಲ್ಲುವುದಿಲ್ಲ ಎಂಬುದು ಹಳ್ಳಿಯಲ್ಲಿ ಆರೋಗ್ಯಸೇವೆ ಮಾಡಿದ ಯಾರಿಗಾದರೂ ಗೊತ್ತಿರುವ ಸಂಗತಿ. ಇದೇ ಸೀಮೆಯ ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚನ್ನು ಇಂದು ಎಲ್ಲರೂ ಬಲ್ಲರು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡ ಮೇಲೆ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಆ ಗೋಡೆಗಳ ಮುಂದೆ ಚಿತ್ರ ತೆಗೆಸಿಕೊಳ್ಳಲು ದೂರದೂರದಿಂದ ಜನ ಬರುತ್ತಾರೆ. ಅದನ್ನು ದುಬುವಾ ಅವರೇ ಕಟ್ಟಿಸಿದರೆಂದು ಹೇಳುವುದೂ ಉಂಟು. ಆದರೆ ಇಂದು ಕಾಣುವ ಗಾಥಿಕ್ ಶೈಲಿಯ ಕಟ್ಟಡ 1860ರ ದಶಕದ್ದು, ಅವರು ತೀರಿಕೊಂಡ ಮೇಲಿನದು. ಅವರು ಬಿಟ್ಟುಹೋದ ಗುರುತು ಕಲ್ಲುಗಾರೆಯದಲ್ಲ.

ದುಬುವಾ ಅವರನ್ನು ಸಂತರ ಸಾಲಿಗೆ ಸೇರಿಸಲು ನಾನು ಇದನ್ನು ಬರೆಯುತ್ತಿಲ್ಲ. ಹಿಂದೂ ಆಚಾರ ವ್ಯವಹಾರಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥದ ಹಸ್ತಪ್ರತಿಯನ್ನು ಮದರಾಸಿನ ಗವರ್ನರ್ ಬೆಂಟಿಂಕ್ 1807ರಲ್ಲಿ ಕಂಪನಿಗಾಗಿ 2,000 ಪಗೋಡ ಕೊಟ್ಟು ಕೊಂಡರು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದರಲ್ಲಿ ಈ ನಾಡಿನ ಜನರನ್ನು ಕುರಿತ ಕಟುವಾದ, ಅನ್ಯಾಯದ ಮಾತುಗಳು ಬಹಳ ಇವೆ. ಅದರ ದೊಡ್ಡ ಭಾಗ ಅವರಿಗಿಂತ ಹಿಂದಿನ ಜೆಸ್ವಿತ್ ಗುರು ಕೂರ್ದೂ ಅವರ ಬರಹವನ್ನು ಆಧರಿಸಿದ್ದೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟಿದ್ದಾರೆ. ಹೆಸರು ತಂದುಕೊಟ್ಟ ಪುಸ್ತಕ ಪೂರ್ತಿ ತಮ್ಮದಾಗಿರಲಿಲ್ಲ. ಪೂರ್ತಿ ತಮ್ಮದಾಗಿದ್ದ ದುಡಿಮೆಯನ್ನು ಲೋಕ ಮರೆಯಿತು.

1804ರ ಆ ಉತ್ಸಾಹದಿಂದ ಸಿಡುಬೇನೂ ತೊಲಗಲಿಲ್ಲ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಅದು ಮತ್ತೆ ಮತ್ತೆ ಮರಳಿತು. ದಾಕಿನ ರಕ್ಷಣೆ ವರ್ಷಗಳು ಕಳೆದಂತೆ ಕ್ಷೀಣಿಸುವುದರಿಂದ ಮತ್ತೊಮ್ಮೆ ಹಾಕಿಸಿಕೊಳ್ಳಬೇಕು ಎಂಬುದು ತಿಳಿಯಲು ಕಾಲ ಹಿಡಿಯಿತು. ಮುಂದೆ ಕರುವಿನ ಮೈಯಿಂದ ತೆಗೆದ ದ್ರವ ಬಂದು ತೋಳಿನಿಂದ ತೋಳಿಗೆ ದಾಟಿಸುವ ಪದ್ಧತಿ ಹೋಯಿತು. ಹಾಸನದಲ್ಲಿ ವೆಸ್ಲಿಯನ್ ಮಿಷನ್ನಿನವರ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಎದ್ದಿತು. ಸ್ವಾತಂತ್ರ್ಯಾನಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಒಣಗಿಸಿ ಪುಡಿ ಮಾಡಿದ, ಬಿಸಿಲಿಗೆ ಕೆಡದ ಲಸಿಕೆಯನ್ನು ಚೀಲದಲ್ಲಿ ಹೊತ್ತು, ಕವಲುಮೊನೆಯ ಸೂಜಿ ಹಿಡಿದು, ನಡೆದೂ ಸೈಕಲ್ ತುಳಿದೂ ಮನೆಮನೆಗೆ ಹೋದ ಆರೋಗ್ಯ ಕಾರ್ಯಕರ್ತರನ್ನು ಕಂಡು ಮಕ್ಕಳು ಅಟ್ಟ ಹತ್ತಿ ಅಡಗುತ್ತಿದ್ದರು. 1975ರಲ್ಲಿ ಭಾರತದ ಕೊನೆಯ ಸಿಡುಬು ರೋಗಿ ಪತ್ತೆಯಾದರು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆಯು ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಿತು. 2021ರಲ್ಲಿ ಕೊರೋನಾ ಲಸಿಕೆಯೊಡನೆ ಆಶಾ ಕಾರ್ಯಕರ್ತೆಯರು ಹಳ್ಳಿಯ ಬಾಗಿಲುಗಳನ್ನು ತಟ್ಟಿದಾಗ ಒಳಗಿನಿಂದ ಬಂದ ಹಿಂಜರಿಕೆಯ ಮಾತುಗಳಲ್ಲಿ 1803ರ ತಾಯಂದಿರ ದನಿಯೂ ಇತ್ತು. ಆ ಬಾಗಿಲುಗಳನ್ನು ತೆರೆಸಿದ್ದು ಸರ್ಕಾರದ ಆದೇಶಕ್ಕಿಂತ, ಬಾಗಿಲು ತಟ್ಟಿದವಳು ಅದೇ ಊರಿನ ಪರಿಚಿತ ಹೆಣ್ಣುಮಗಳಾಗಿದ್ದುದು.

ದೊಡ್ಡ ಸ್ವಾಮಿಯವರು 1823ರ ಜನವರಿಯಲ್ಲಿ ಭಾರತವನ್ನು ಬಿಟ್ಟು ಹೊರಟಾಗ ಈಸ್ಟ್ ಇಂಡಿಯಾ ಕಂಪನಿ ಅವರ ಪ್ರಯಾಣದ ವೆಚ್ಚವನ್ನು ಭರಿಸಿ ವಿಶ್ರಾಂತಿವೇತನವನ್ನೂ ಗೊತ್ತುಮಾಡಿತು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕವೊಂದು ಪ್ರಕಟವಾಗಿ ಮಿಷನರಿ ವಲಯವನ್ನೇ ಕಲಕಿತು. ಈ ದೇಶದವರನ್ನು ಕ್ರೈಸ್ತರನ್ನಾಗಿ ಮಾಡುವ ಪ್ರಯತ್ನ ಇಂದಿನ ಪರಿಸ್ಥಿತಿಯಲ್ಲಿ ಫಲಿಸದು ಎಂದು ಅವರು ಅದರಲ್ಲಿ ಬರೆದಿದ್ದರು. ತಮ್ಮ ಇಷ್ಟು ವರ್ಷಗಳ ದುಡಿಮೆಯಲ್ಲಿ ತಾವು ಮತಕ್ಕೆ ತಂದವರು ಒಟ್ಟು ಇನ್ನೂರೋ ಮುನ್ನೂರೋ ಮಂದಿ ಎಂದು ಯಾವ ಮುಚ್ಚುಮರೆಯೂ ಇಲ್ಲದೆ ಒಪ್ಪಿಕೊಂಡಿದ್ದರು. ಮರುವರ್ಷವೇ ಜೇಮ್ಸ್ ಹಫ್ ಎಂಬ ಆಂಗ್ಲಿಕನ್ ಗುರು ಅದಕ್ಕೆ ಪ್ರತ್ಯುತ್ತರವಾಗಿ ಒಂದು ಪುಸ್ತಕವನ್ನೇ ಬರೆದರು. ಪ್ಯಾರಿಸಿನಲ್ಲಿ ವಿದೇಶೀ ಮಿಷನ್ ಸಂಸ್ಥೆಯ ಗುರುಮಠದಲ್ಲಿ ಸೇವೆ ಸಲ್ಲಿಸಿ, ಅದರ ಮುಖ್ಯಸ್ಥರೂ ಆಗಿ, ದುಬುವಾ 1848ರ ಫೆಬ್ರುವರಿ 17ರಂದು ತೀರಿಕೊಂಡರು. ತಮ್ಮನ್ನು ಸೋತವರೆಂದೇ ಎಣಿಸಿಕೊಂಡ ಆ ಲೆಕ್ಕದಲ್ಲಿ ಅವರು 25,432ನ್ನು ಕೂಡಿಸಲಿಲ್ಲ.