ಕರಡಿನಿಂದ ಹೊತ್ತಗೆಯ ಹೊರೆಯವರೆಗೆ: ಗಳಗನಾಥರ ಪ್ರಕಟನ ಸಾಹಸ

ಗ್ರಂಥದ ಕರಡು ಮುಗಿದೊಡನೆ ಲೇಖಕನ ಹೊಣೆ ತೀರಿತೆಂಬುದು ಲೋಕರೂಢಿಯ ಭಾವನೆ. ಪ್ರಕಾಶಕರ ಆಸರೆಯಿಲ್ಲದ ಕಾಲದಲ್ಲಿ ಹೊಣೆಯ ಹಿರಿಯ ಪಾಲು ಅಲ್ಲಿಂದಲೇ ಆರಂಭವಾಗುತ್ತಿತ್ತು. ಗಳಗನಾಥರ (1869–1942) ಜೀವನವೇ ಇದಕ್ಕೆ ನಿದರ್ಶನ.

ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು; ಹಾವೇರಿ ಸೀಮೆಯ ಗಳಗನಾಥ ಅವರ ಊರು. ವೃತ್ತಿಯಿಂದ ಶಾಲಾಶಿಕ್ಷಕರು. ಮುಂಬಯಿ ಪ್ರಾಂತದ ಕನ್ನಡಿಗರಲ್ಲಿ ವಿದ್ಯಾವಂತರು ಮರಾಠಿಯನ್ನೇ ಓದುತ್ತಿದ್ದ ದಿನಗಳವು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಅವರು ಕನ್ನಡಕ್ಕೆ ತಂದರು. ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾ ವಿಲಾಸ’ 1923ರಲ್ಲಿ ಬೆಳಕು ಕಂಡಿತು.

ಬರೆದುದನ್ನು ಅಚ್ಚು ಹಾಕಿಸುವುದು ಬೇರೆಯೇ ಲೆಕ್ಕ. ಕಾಗದ, ಮೊಳೆಜೋಡಣೆ, ರಟ್ಟು ಇವುಗಳ ವೆಚ್ಚವನ್ನು ಒಮ್ಮೆಗೇ ತೆರಬೇಕು. ಆದಾಯವಾದರೋ ಪ್ರತಿಯೊಂದರಂತೆ ಬಿಡಿಕಾಸಾಗಿ ಬರತಕ್ಕದ್ದು. ಮಾರಾಟವಾಗದ ಪ್ರತಿ ಹೂಳಿಟ್ಟ ಬಂಡವಾಳ. ಸಾಲ ತಂದಿದ್ದರೆ ಅದರ ಬಡ್ಡಿಯೊಂದೇ ಬೆಳೆಯುವುದು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಅವರಿಗೆ ಓದುಗರ ಬಳಗವನ್ನು ಕಟ್ಟಿಕೊಟ್ಟಿತು. ಆದರೂ ಪುಸ್ತಕದಂಗಡಿಗಳಿಲ್ಲದ ನಾಡಿನಲ್ಲಿ ಕೊಳ್ಳುವವನನ್ನು ಹುಡುಕಿಕೊಂಡೇ ಹೋಗಬೇಕಿತ್ತು. ಗಳಗನಾಥರು ಹೊತ್ತಗೆಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು.

ಈ ಅಲೆದಾಟದಿಂದ ಅವರಿಗೆ ಸಿರಿ ಬರಲಿಲ್ಲ; ಕೊನೆಯವರೆಗೂ ಬಡತನ ಬಿಡಲಿಲ್ಲ. ಆದರೆ ಮರಾಠಿಯತ್ತ ವಾಲಿದ್ದ ಮನೆಗಳಲ್ಲಿ ಕನ್ನಡ ಓದುವ ಅಭ್ಯಾಸ ಮರಳಿ ಬೇರೂರಿತು. ಹಣದ ಖಾತೆಯಲ್ಲಿ ನಷ್ಟವೆಂದು ಕಾಣುವುದು ನುಡಿಯ ಖಾತೆಯಲ್ಲಿ ಜಮೆಯಾಗಿದೆ. ಹೊರನಾಡಿನಲ್ಲಿ ಕರಡು ಮುಗಿಸಿ ಪೆಟ್ಟಿಗೆಯಲ್ಲಿಟ್ಟು ಕುಳಿತ ಕನ್ನಡ ಲೇಖಕನಿಗೆ ಈ ಲೆಕ್ಕ ಇಂದಿಗೂ ಪ್ರಸ್ತುತವೇ ಸರಿ.