ಪ್ಯಾಲಿಯೇಟಿವ್ ಕೇರ್ ಎಂದರೇನು? ನರ್ಸ್‌ಗಳಷ್ಟೇ ಅಲ್ಲ, ಮನೆಯವರೂ ಕಲಿಯಬೇಕಾದ ಆರೈಕೆ

"ಇನ್ನು ಮಾಡುವಂಥದ್ದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ." ಕ್ಯಾನ್ಸರ್ ಉಲ್ಬಣಿಸಿದ ರೋಗಿಗಳ ಕುಟುಂಬದವರು ಎಷ್ಟೋ ಬಾರಿ ಕೇಳುವ ಮಾತಿದು. ಆದರೆ ಮನೆಗೆ ಬಂದ ಮಾತ್ರಕ್ಕೆ ನೋವು, ವಾಂತಿ, ಉಸಿರಾಟದ ತೊಂದರೆ ನಿಲ್ಲುವುದಿಲ್ಲ. ನಡುರಾತ್ರಿ ರೋಗಿ ನರಳುವಾಗ ಪಕ್ಕದಲ್ಲಿರುವುದು ವೈದ್ಯರಲ್ಲ. ಹೆಂಡತಿ, ಮಗ ಅಥವಾ ಸೊಸೆ. ಏನು ಮಾಡಬೇಕೆಂದು ಅವರಿಗೆ ಮೊದಲೇ ಯಾರಾದರೂ ಕಲಿಸಿರಬೇಕು.

ಏನಿದು ಪ್ಯಾಲಿಯೇಟಿವ್ ಕೇರ್?

ಕನ್ನಡದಲ್ಲಿ ಇದನ್ನು ಉಪಶಾಮಕ ಆರೈಕೆ ಎನ್ನುತ್ತಾರೆ. ಗಂಭೀರ ಕಾಯಿಲೆಯ ನೋವು ಮತ್ತು ಸಂಕಟ ತಗ್ಗಿಸಿ, ರೋಗಿಗೂ ಕುಟುಂಬಕ್ಕೂ ಆಸರೆಯಾಗುವುದು ಇದರ ಉದ್ದೇಶ. ಕ್ಯಾನ್ಸರ್ ಮಾತ್ರವಲ್ಲ, ಹೃದಯ ಮತ್ತು ಕಿಡ್ನಿ ವೈಫಲ್ಯ, ಪಾರ್ಶ್ವವಾಯು, ಮರೆವಿನ ಕಾಯಿಲೆ ಇರುವವರಿಗೂ ಇದು ಬೇಕು. ಕೊನೆಯ ದಿನಗಳವರೆಗೆ ಕಾಯಬೇಕಿಲ್ಲ, ಚಿಕಿತ್ಸೆಯ ಜೊತೆಗೇ ಆರಂಭಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಇದರ ಅಗತ್ಯವಿರುವವರ ಪೈಕಿ ಶೇ.14ರಷ್ಟು ಜನರಿಗೆ ಮಾತ್ರ ಇದು ಸಿಗುತ್ತಿದೆ.

ದಾರಿ ತೋರಿಸಿದ ಕೇರಳ

1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಈ ಸೇವೆ ಆರಂಭಿಸಿದರು. ಆಸ್ಪತ್ರೆಯೊಂದರಿಂದಲೇ ಎಲ್ಲರನ್ನೂ ತಲುಪಲಾಗದು ಎಂದು ಅರಿವಾದಾಗ ಊರಿನ ಜನರಿಗೇ ತರಬೇತಿ ನೀಡಲಾಯಿತು. ನರ್ಸ್‌ಗಳು ಮನೆಗೆ ಹೋಗಿ ಗಾಯ ಶುಚಿ ಮಾಡುವುದು, ನೆರೆಹೊರೆಯ ಸ್ವಯಂಸೇವಕರು ಕುಟುಂಬದ ಬೆನ್ನಿಗೆ ನಿಲ್ಲುವುದು ರೂಢಿಯಾಯಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿಯೇ ನೀತಿ ರೂಪಿಸಿತು.

ಮಾರ್ಫಿನ್ ಎಂದರೆ ಭಯವೇಕೆ?

ತೀವ್ರ ನೋವಿಗೆ ಮಾರ್ಫಿನ್ ಪರಿಣಾಮಕಾರಿ ಔಷಧ. ಆದರೆ 1985ರ ಮಾದಕವಸ್ತು ಕಾಯ್ದೆಯ ಬಿಗಿ ನಿಯಮಗಳಿಂದಾಗಿ ಅನೇಕ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳಲೇ ಇಲ್ಲ. ಎಷ್ಟೋ ವೈದ್ಯರಿಗೆ ಬಳಸಿ ಅಭ್ಯಾಸವೂ ಆಗಲಿಲ್ಲ. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿತಾದರೂ ಭಯ ಪೂರ್ತಿ ಹೋಗಿಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ನೋವಿಗೆ ತೆಗೆದುಕೊಂಡರೆ ಚಟವಾಗುವ ಸಾಧ್ಯತೆ ಕಡಿಮೆ. ನೋವು ಬಂದ ಮೇಲಲ್ಲ, ಹೇಳಿದ ಸಮಯಕ್ಕೆ ಸರಿಯಾಗಿ ಕೊಡಬೇಕು. ಮಲಬದ್ಧತೆ ಸಾಮಾನ್ಯವಾದ್ದರಿಂದ ಅದಕ್ಕೂ ಔಷಧ ಕೇಳಿ ಪಡೆಯಬೇಕು.

ಮನೆಯವರು ಕಲಿಯಬೇಕಾದ್ದೇನು?

* ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟಿದೆ ಎಂದು ರೋಗಿಯನ್ನೇ ಕೇಳಿ, ಸಮಯದೊಂದಿಗೆ ಬರೆದಿಡುವುದು.
* ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಬೆನ್ನಿನ ಕೆಳಭಾಗ, ಹಿಮ್ಮಡಿ ಕೆಂಪಾಗಿದೆಯೇ ನೋಡುವುದು.
* ಉಸಿರು ಕಟ್ಟಿದಂತಾದರೆ ದಿಂಬಿಗೆ ಒರಗಿಸಿ ಕೂರಿಸಿ, ಮುಖಕ್ಕೆ ಫ್ಯಾನ್ ಗಾಳಿ ತಾಗುವಂತೆ ಮಾಡುವುದು.
* ಒಣಗಿದ ಬಾಯಿ, ತುಟಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಬೇಡವೆಂದರೆ ಬಲವಂತವಾಗಿ ತಿನ್ನಿಸದಿರುವುದು.
* ರೋಗಿ ಮನಸ್ಸು ಬಿಚ್ಚಿದಾಗ ಮಾತು ಬದಲಿಸದೆ ಕೇಳುವುದು.

ನೆರವು ಎಲ್ಲಿ?

ಮುಂಬೈನ ಶಾಂತಿ ಅವೇದನಾ ಸದನ, ಬೆಂಗಳೂರಿನ ಕರುಣಾಶ್ರಯ, ದೆಹಲಿಯ ಕ್ಯಾನ್‌ಸಪೋರ್ಟ್, ತಿರುವನಂತಪುರದ ಪ್ಯಾಲಿಯಂ ಇಂಡಿಯಾ ಈ ಕ್ಷೇತ್ರದ ಪ್ರಮುಖ ಸಂಸ್ಥೆಗಳು. ಆಯುಷ್ಮಾನ್ ಭಾರತ್ ಆರೋಗ್ಯ ಕೇಂದ್ರಗಳ ಸೇವಾಪಟ್ಟಿಯಲ್ಲೂ ಉಪಶಾಮಕ ಆರೈಕೆ ಇದೆ. ಡಿಸ್ಚಾರ್ಜ್ ಚೀಟಿ ಕೈಗೆ ಬರುವ ಮುನ್ನ ಮನೆಯವರು ನರ್ಸ್ ಬಳಿ ಎರಡು ಪ್ರಶ್ನೆ ಕೇಳಲೇಬೇಕು: ರಾತ್ರಿ ನೋವು ಹೆಚ್ಚಾದರೆ ಏನು ಕೊಡಬೇಕು? ಯಾರಿಗೆ ಫೋನ್ ಮಾಡಬೇಕು?